ಬರೆದದ್ದು ಕಡಿಮೆ, ಅಲುಗಿಸಿದ್ದು ಬುಡವನ್ನೇ

1922ರ ಡಿಸೆಂಬರ್. ಬೆನಿಟೊ ಮುಸೊಲಿನಿ ಇಟಲಿಯ ಪ್ರಧಾನಿಯಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಮಿಲಾನಿನ ಬೊಕೋನಿ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಕಾನೂನು ಪ್ರಾಧ್ಯಾಪಕ ಆಂಜೆಲೊ ಸ್ರಾಫಾ ಅವರಿಗೆ ಅವನಿಂದ ತಂತಿ ಬಂತು. ನಿಮ್ಮ ಮಗ ಇಂಗ್ಲೆಂಡಿನ ಪತ್ರಿಕೆಯಲ್ಲಿ ಇಟಲಿಯ ಬ್ಯಾಂಕುಗಳ ಬಗ್ಗೆ ಬರೆದ ಲೇಖನ ದೇಶದ ಹಣಕಾಸಿಗೆ ಮಾಡಿದ ಘಾತುಕ ಕೆಲಸ, ಅದನ್ನು ಹಿಂತೆಗೆದುಕೊಳ್ಳುವಂತೆ ಅವನಿಗೆ ಹೇಳಿ ಎಂಬುದು ಅದರ ತಾತ್ಪರ್ಯ. ತಂದೆ ಬಗ್ಗಲಿಲ್ಲ. ಲೇಖನದಲ್ಲಿರುವುದೆಲ್ಲ ಜನರಿಗೆ ಗೊತ್ತಿರುವ ಸಂಗತಿಯೇ, ಹಿಂತೆಗೆದುಕೊಳ್ಳುವಂಥದ್ದು ಏನೂ ಇಲ್ಲ ಎಂದು ಉತ್ತರಿಸಿದರು.

ಆ ಮಗನ ಹೆಸರು ಪಿಯೆರೊ ಸ್ರಾಫಾ. ಆಗ ವಯಸ್ಸು 24. ಮುಂದೆ ಅರವತ್ತು ವರ್ಷ ಬದುಕಿದ ಈ ಮನುಷ್ಯ ತನ್ನ ಹೆಸರಿನಲ್ಲಿ ಅಚ್ಚು ಮಾಡಿಸಿದ್ದು ಒಂದು ಸಣ್ಣ ಪುಸ್ತಕ, ಬೆರಳೆಣಿಕೆಯ ಪ್ರಬಂಧಗಳು ಮತ್ತು ಇನ್ನೊಬ್ಬ ಅರ್ಥಶಾಸ್ತ್ರಜ್ಞನ ಸಮಗ್ರ ಬರಹಗಳ ಸಂಪಾದಿತ ಆವೃತ್ತಿ. ಇಂದಿನ ವಿಶ್ವವಿದ್ಯಾಲಯಗಳಲ್ಲಿ ಪ್ರಕಟಣೆಗಳನ್ನು ಎಣಿಸಿ ಬಡ್ತಿ ಕೊಡುತ್ತಾರೆ. ಆ ಲೆಕ್ಕದಲ್ಲಿ ಸ್ರಾಫಾ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ಅರ್ಥಶಾಸ್ತ್ರದ ಮೂರು ದೊಡ್ಡ ವಾಗ್ವಾದಗಳನ್ನು ಬಿಚ್ಚಿ ನೋಡಿದರೆ ಮೂರರ ಬುಡದಲ್ಲೂ ಅವರ ಬರಹವಿದೆ. ವಸ್ತುವಿನ ಬೆಲೆ ಎಲ್ಲಿಂದ ಬರುತ್ತದೆ, ದುಡಿದವನಿಗೆ ಎಷ್ಟು, ಹಣ ಹೂಡಿದವನಿಗೆ ಎಷ್ಟು ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎಂಬ ಪ್ರಶ್ನೆಗೆ ಪಠ್ಯಪುಸ್ತಕ ಕೊಡುವ ಸಿದ್ಧ ಉತ್ತರದಲ್ಲಿ ಅವರು ತೋರಿಸಿದ ಬಿರುಕು ಇನ್ನೂ ಮುಚ್ಚಿಲ್ಲ.

ಸ್ರಾಫಾ ಹುಟ್ಟಿದ್ದು 1898ರ ಆಗಸ್ಟ್ 5ರಂದು, ಟ್ಯೂರಿನ್ ನಗರದ ಯಹೂದಿ ಕುಟುಂಬದಲ್ಲಿ. ಕಾಲೇಜಿನಲ್ಲಿ ಗುರುವಾಗಿದ್ದವರು ಲುಯಿಜಿ ಐನೌದಿ, ಎರಡನೆಯ ಮಹಾಯುದ್ಧದ ನಂತರ ಇಟಲಿಯ ರಾಷ್ಟ್ರಪತಿಯಾದವರು. ಅವರ ಬಳಿ 1920ರಲ್ಲಿ ಬರೆದ ಪ್ರಬಂಧದ ವಿಷಯ ಯುದ್ಧಕಾಲದ ಮತ್ತು ಯುದ್ಧಾನಂತರದ ಇಟಲಿಯ ಹಣದುಬ್ಬರ. ಅಲ್ಲಿಂದ ಲಂಡನ್ನಿಗೆ ಓದಲು ಹೋದಾಗ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಪರಿಚಯವಾಯಿತು. ಮುಸೊಲಿನಿಯನ್ನು ಕೆರಳಿಸಿದ ಲೇಖನ ಬರೆಸಿದ್ದು ಇದೇ ಕೇನ್ಸ್. 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಯ ವಾಣಿಜ್ಯ ಪುರವಣಿಗೆ ಯುರೋಪಿನ ಪುನರ್ನಿರ್ಮಾಣದ ಕುರಿತು ಅವರು ವಿಶೇಷ ಸಂಚಿಕೆಗಳನ್ನು ಸಂಪಾದಿಸುತ್ತಿದ್ದರು. 1922ರಲ್ಲೇ 'ಎಕನಾಮಿಕ್ ಜರ್ನಲ್'ನಲ್ಲಿ ಸ್ರಾಫಾ ಇನ್ನೂ ವಿವರವಾಗಿ ಬರೆದಿದ್ದರು. 1921ರ ಕೊನೆಯಲ್ಲಿ ಮುಳುಗಿದ ಬಾಂಕಾ ಇತಾಲಿಯಾನಾ ದಿ ಸ್ಕೊಂತೊ ಎಂಬ ಬ್ಯಾಂಕಿಗೂ ಅನ್ಸಾಲ್ಡೊ ಎಂಬ ಉಕ್ಕು ಮತ್ತು ಶಸ್ತ್ರಾಸ್ತ್ರ ಕಂಪನಿಗೂ ಇದ್ದ ನಂಟು, ಠೇವಣಿದಾರರ ಹಣ ಕಾರ್ಖಾನೆಯ ಕಡೆಗೆ ಹರಿದ ಬಗೆ, ನಷ್ಟ ಬಂದಾಗ ಸರ್ಕಾರ ಅದಕ್ಕೆ ಹೆಗಲು ಕೊಟ್ಟ ಬಗೆ ಎಲ್ಲವೂ ಅದರಲ್ಲಿತ್ತು. ದೊಡ್ಡ ಸಾಲಗಾರ ಮುಳುಗಿದಾಗ ಬ್ಯಾಂಕನ್ನೂ ಸರ್ಕಾರವನ್ನೂ ಜೊತೆಗೆ ಎಳೆಯುತ್ತಾನೆ ಎಂಬ ಮಾತು ನಮಗೆ ಈಗ ಹೊಸದಲ್ಲ. ಹೆಸರು ಹಿಡಿದು ಅದನ್ನು ಆಗಲೇ ಬರೆದ ಧೈರ್ಯ ದೊಡ್ಡದು. ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. 1923ರ ಜನವರಿಯಲ್ಲಿ ಇಂಗ್ಲೆಂಡಿಗೆ ಹೊರಟವರನ್ನು ಡೋವರ್ ಬಂದರಿನಲ್ಲೇ ತಡೆದು ವಾಪಸು ಕಳಿಸಿದರು.

ಇಟಲಿಯಲ್ಲೇ ಉಳಿದ ಸ್ರಾಫಾ ಪೆರೂಜಾದಲ್ಲಿ ಪಾಠ ಮಾಡತೊಡಗಿದರು. 1926ರಲ್ಲಿ ಸಾರ್ಡೀನಿಯಾ ದ್ವೀಪದ ಕಾಲ್ಯಾರಿಯಲ್ಲಿ ಪ್ರಾಧ್ಯಾಪಕರಾದರು. ಈ ನಡುವೆ 1925ರಲ್ಲಿ ಇಟಾಲಿಯನ್ನಿನಲ್ಲಿ ಒಂದು ದೀರ್ಘ ಪ್ರಬಂಧ, ಮರುವರ್ಷ ಡಿಸೆಂಬರಿನಲ್ಲಿ 'ಎಕನಾಮಿಕ್ ಜರ್ನಲ್'ಗಾಗಿ ಅದರ ಸಾರವನ್ನೂ ಕೆಲವು ಹೊಸ ವಿಚಾರಗಳನ್ನೂ ಸೇರಿಸಿದ 16 ಪುಟಗಳ ಪ್ರಬಂಧ ಬಂದವು. ಆ 16 ಪುಟ ಕೇಂಬ್ರಿಜ್ಜಿನ ಬಾಗಿಲು ತೆರೆಯಿತು.

ಅದರಲ್ಲಿ ಏನಿತ್ತು ಎಂದು ತಿಳಿಯಲು ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಕಟ್ಟಿಕೊಟ್ಟ ಚಿತ್ರವನ್ನು ನೆನಪಿಸಿಕೊಳ್ಳಬೇಕು. ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರೆಲ್ಲ ಅದನ್ನು ಗ್ರಾಫ್ ಹಾಳೆಯ ಮೇಲೆ ಬರೆದಿರುತ್ತಾರೆ: ಇಳಿಯುವ ಬೇಡಿಕೆ ರೇಖೆ, ಏರುವ ಪೂರೈಕೆ ರೇಖೆ, ಎರಡೂ ಕತ್ತರಿಸುವಲ್ಲಿ ಬೆಲೆ. ಸ್ರಾಫಾ ಕೈಯಿಟ್ಟಿದ್ದು ಆ ಏರುವ ರೇಖೆಗೆ. ಪೈಪೋಟಿಯ ಮಾರುಕಟ್ಟೆಯಲ್ಲಿ ಉತ್ಪಾದನೆ ಹೆಚ್ಚಿದಂತೆ ವೆಚ್ಚ ಏರಬೇಕು ಏಕೆ ಎಂದು ಕೇಳಿದರು.

ಭೂಮಿಯಂಥ ಸೀಮಿತ ಸಂಪನ್ಮೂಲದ ಮೇಲೆ ಒತ್ತಡ ಬೀಳುವುದರಿಂದ ಎಂದು ಒಂದು ಉತ್ತರ. ಸರಿ, ಗೋಧಿಗೆ ಬೇಡಿಕೆ ಹೆಚ್ಚಿ ಭೂಮಿಯ ಗೇಣಿ ಏರಿತು ಎನ್ನೋಣ. ಅದೇ ಭೂಮಿಯಲ್ಲಿ ಬಾರ್ಲಿಯೂ ಬೆಳೆಯುತ್ತದೆ, ದನವೂ ಮೇಯುತ್ತದೆ. ಆಗ ಬಾರ್ಲಿಯ ಬೆಲೆ, ಮಾಂಸದ ಬೆಲೆ ಎಲ್ಲವೂ ಕದಲುತ್ತವೆ. ಅವು ಕದಲಿದರೆ ಗೋಧಿಯ ಬೇಡಿಕೆ ರೇಖೆಯೇ ಜಾಗ ಬಿಡುತ್ತದೆ. ಉಳಿದುದೆಲ್ಲ ಬದಲಾಗದೆ ಇದೆ ಎಂಬ ಷರತ್ತಿನ ಮೇಲೆ ಬರೆದ ಚಿತ್ರ ಆ ಷರತ್ತನ್ನೇ ಮುರಿಯುತ್ತದೆ. ಹಾಗಲ್ಲ, ಗೋಧಿ ಬಳಸುವ ಭೂಮಿ ಒಟ್ಟಿನಲ್ಲಿ ತೀರಾ ಅಲ್ಪ ಎಂದರೆ ಗೇಣಿ ಏರುವುದೇ ಇಲ್ಲ, ವೆಚ್ಚವೂ ಏರದು. ಇನ್ನು ಉತ್ಪಾದನೆ ಹೆಚ್ಚಿದಂತೆ ವೆಚ್ಚ ಇಳಿಯುತ್ತದೆ ಎಂದರೆ, ಮೊದಲು ಬೆಳೆದ ಕಂಪನಿ ಉಳಿದವರನ್ನೆಲ್ಲ ನುಂಗುತ್ತದೆ, ಪೈಪೋಟಿಯೇ ಉಳಿಯುವುದಿಲ್ಲ. ಹೀಗೆ ಎರಡೂ ದಾರಿಗಳನ್ನು ಮುಚ್ಚಿದ ಮೇಲೆ, ಪೈಪೋಟಿಯ ಸಂದರ್ಭದಲ್ಲಿ ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ಉತ್ಪಾದನೆಯ ವೆಚ್ಚ ಎಂಬ ಹಳೆಯ ಮಾತೇ ಒಪ್ಪಬಹುದಾದದ್ದಾಗಿ ಉಳಿಯುತ್ತದೆ.

ಪ್ರಬಂಧದ ಕೊನೆಯ ಭಾಗ ಇನ್ನೊಂದು ಹಾದಿ ತೋರಿಸಿತು. ಇನ್ನಷ್ಟು ಸರಕು ಏಕೆ ತಯಾರಿಸುತ್ತಿಲ್ಲ ಎಂದು ಕಾರ್ಖಾನೆಯವನನ್ನು ಕೇಳಿ ನೋಡಿ. ವೆಚ್ಚ ಏರುತ್ತದೆ ಎನ್ನುವವರು ಅಪರೂಪ. ಬೆಲೆ ಇಳಿಸದೆ ಅಥವಾ ಮಾರಾಟಕ್ಕೆಂದು ಹೆಚ್ಚು ಖರ್ಚು ಮಾಡದೆ ಹೆಚ್ಚು ಮಾರಲಾಗದು ಎನ್ನುತ್ತಾನೆ. ಪ್ರತಿ ಕಂಪನಿಗೂ ತನ್ನದೇ ಗಿರಾಕಿಗಳ ಸಣ್ಣ ಮಾರುಕಟ್ಟೆ ಇರುತ್ತದೆ ಎಂಬ ಈ ಹೊಳಹನ್ನೇ ಬೆಳೆಸಿ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ಅಪೂರ್ಣ ಪೈಪೋಟಿಯ ಮೇಲೆ ಇಡೀ ಪುಸ್ತಕ ಬರೆದರು. ಬೀಜ ಬಿತ್ತಿದ ಸ್ರಾಫಾ ಮಾತ್ರ ಆ ಹೊಲದ ಕಡೆ ಮತ್ತೆ ಹೋಗಲಿಲ್ಲ. ಅವರ ಗಮನ ಆಗಲೇ ಬೇರೆ ಕಡೆ ಹೊರಳಿತ್ತು. 1930ರಲ್ಲಿ ಅದೇ ಜರ್ನಲ್‌ನ ಚರ್ಚೆಯೊಂದರಲ್ಲಿ, ಮಾರ್ಷಲ್ ಸಿದ್ಧಾಂತಕ್ಕೆ ತೇಪೆ ಹಾಕುವುದಕ್ಕಿಂತ ಅದನ್ನು ಕೈಬಿಡುವುದೇ ಸರಿ ಎಂದು ನೇರವಾಗಿ ಹೇಳಿದರು. ಮಾರ್ಷಲ್ಲರ ಊರಾದ ಕೇಂಬ್ರಿಜ್ಜಿನಲ್ಲಿ ಕೂತು ಹೀಗೆ ಬರೆಯುವುದು ಸಣ್ಣ ಮಾತಲ್ಲ.

ಕೇಂಬ್ರಿಜ್ಜಿಗೆ ಅವರು ಬಂದದ್ದು 1927ರಲ್ಲಿ. ಅಲ್ಲಿ ಅವರಿಗೆ ನಿಜವಾದ ಸಂಕಟ ಕೊಟ್ಟದ್ದು ಉಪನ್ಯಾಸ. ತರಗತಿಯ ಮುಂದೆ ನಿಂತು ಮಾತಾಡುವುದೆಂದರೆ ಅವರಿಗೆ ಆಗದು. ಮೊದಲ ವರ್ಷದ ಪಾಠ ಮುಂದಕ್ಕೆ ಹೋಯಿತು. ಮುಂದಿನ ಮೂರು ವರ್ಷ ಮೌಲ್ಯ ಸಿದ್ಧಾಂತದ ಮೇಲೆ ಹೇಗೋ ಪಾಠ ಮಾಡಿ 1931ರಲ್ಲಿ ಬಿಟ್ಟೇಬಿಟ್ಟರು. ಇಂಥವರನ್ನು ಕಳೆದುಕೊಳ್ಳಲು ಕೇನ್ಸ್ ಸಿದ್ಧರಿರಲಿಲ್ಲ. ಮಾರ್ಷಲ್ ಗ್ರಂಥಾಲಯದ ಹೊಣೆ, ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಎಂದು ಅವರಿಗೆ ಹೊಂದುವ ಕೆಲಸಗಳನ್ನು ರೂಪಿಸಿಕೊಟ್ಟರು. ಕಾಲ್ಯಾರಿಯ ಹುದ್ದೆಯನ್ನೂ ಸ್ರಾಫಾ ಹೆಸರಿಗೆ ಉಳಿಸಿಕೊಂಡು, ಅಲ್ಲಿಯ ಸಂಬಳವನ್ನು ಆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಬಿಟ್ಟುಕೊಟ್ಟರು.

ಈ ಕಾಲದಲ್ಲಿ ಬಂದ ಮತ್ತೊಂದು ಬರಹ ವಿಮರ್ಶೆಯ ರೂಪದ್ದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬಂದಿದ್ದ ಫ್ರೆಡ್ರಿಕ್ ಹಾಯೆಕ್, 'ಪ್ರೈಸಸ್ ಅಂಡ್ ಪ್ರೊಡಕ್ಷನ್' ಪುಸ್ತಕದಲ್ಲಿ ಬ್ಯಾಂಕುಗಳು ಬಡ್ಡಿಯನ್ನು ಅದರ 'ಸಹಜ' ದರಕ್ಕಿಂತ ಕೆಳಗಿಳಿಸುವುದರಿಂದಲೇ ಆರ್ಥಿಕ ಕುಸಿತಗಳು ಬರುತ್ತವೆ ಎಂದು ವಾದಿಸಿದ್ದರು. 1932ರಲ್ಲಿ ಸ್ರಾಫಾ ಕೇಳಿದ್ದು ಇಷ್ಟು: ಯಾವ ಸಹಜ ದರ? ಹತ್ತಿ ನೂಲುವವನೊಬ್ಬ ಹಣ ಸಾಲ ಪಡೆದು ಇವತ್ತಿನ ಬೆಲೆಗೆ ಹತ್ತಿ ಕೊಳ್ಳುತ್ತಾನೆ, ಅಷ್ಟೇ ಹತ್ತಿಯನ್ನು ಮುಂದಿನ ತಾರೀಖಿನ ಬೆಲೆಗೆ ಈಗಲೇ ಮಾರಿಬಿಡುತ್ತಾನೆ. ಅಂದರೆ ಅವನು ಸಾಲ ಪಡೆದದ್ದು ಹತ್ತಿಯನ್ನೇ, ಅದಕ್ಕೆ ಹತ್ತಿಯದೇ ಒಂದು ಬಡ್ಡಿದರವಿದೆ. ಗೋಧಿಗೆ ಬೇರೆ, ತಾಮ್ರಕ್ಕೆ ಬೇರೆ. ಮಾರುಕಟ್ಟೆ ಸಮತೋಲ ತಪ್ಪಿದಾಗ ಎಷ್ಟು ಸರಕೋ ಅಷ್ಟು ಸಹಜ ದರಗಳು. ಹಾಗಿದ್ದ ಮೇಲೆ ಬ್ಯಾಂಕು ಯಾವುದನ್ನು ಅನುಸರಿಸಬೇಕು? ಈ ಹತ್ತಿಯ ಬಡ್ಡಿ ನಾಲ್ಕು ವರ್ಷದ ನಂತರ ಕೇನ್ಸರ 'ಜನರಲ್ ಥಿಯರಿ'ಯ 17ನೆಯ ಅಧ್ಯಾಯದಲ್ಲಿ ಕಾಣಿಸಿಕೊಂಡಿತು.

ಸ್ರಾಫಾ ಅವರ ಪ್ರಭಾವ ಹರಿದದ್ದೇ ಹೀಗೆ, ಬಹುಪಾಲು ಇನ್ನೊಬ್ಬರ ಪುಸ್ತಕಗಳ ಒಳಗೆ. 1929ರಲ್ಲಿ ಕೇಂಬ್ರಿಜ್ಜಿಗೆ ಮರಳಿದ ತತ್ತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ವರ್ಷಗಟ್ಟಲೆ ಅವರೊಡನೆ ವಾದ ಮಾಡುತ್ತಿದ್ದರು. ವಾಕ್ಯಕ್ಕೂ ಅದು ವಿವರಿಸುವ ಸಂಗತಿಗೂ ಒಂದೇ ತಾರ್ಕಿಕ ಆಕಾರ ಇರಬೇಕು ಎಂದು ವಿಟ್‌ಗೆನ್‌ಸ್ಟೈನ್ ಹೇಳುತ್ತಿದ್ದಾಗ, ಸ್ರಾಫಾ ನೇಪಲ್ಸಿನ ಜನ ತಾತ್ಸಾರಕ್ಕೆ ಮಾಡುವಂತೆ ಗದ್ದದ ಕೆಳಗಿಂದ ಬೆರಳ ತುದಿಗಳನ್ನು ಹೊರಕ್ಕೆ ಸವರಿ, ಇದರ ತಾರ್ಕಿಕ ಆಕಾರ ಯಾವುದು ಎಂದು ಕೇಳಿದರಂತೆ. ವಿಟ್‌ಗೆನ್‌ಸ್ಟೈನ್ ಶಿಷ್ಯ ನಾರ್ಮನ್ ಮಾಲ್ಕಂ ತಮ್ಮ ನೆನಪುಗಳಲ್ಲಿ ದಾಖಲಿಸಿದ ಪ್ರಸಂಗ ಇದು. 'ಫಿಲಸಾಫಿಕಲ್ ಇನ್ವೆಸ್ಟಿಗೇಷನ್ಸ್' ಮುನ್ನುಡಿಯಲ್ಲಿ ವಿಟ್‌ಗೆನ್‌ಸ್ಟೈನ್ ಈ ಋಣವನ್ನು ಮುಕ್ತವಾಗಿ ನೆನೆದಿದ್ದಾರೆ. ಸ್ರಾಫಾ ಮಾತ್ರ ಅದಕ್ಕೆ ಅಷ್ಟು ತೂಕ ಕೊಡಲಿಲ್ಲ. ಟ್ರಿನಿಟಿ ಕಾಲೇಜಿನಲ್ಲಿ ಅವರ ಸಹವಾಸ ಪಡೆದ ಅಮರ್ತ್ಯ ಸೇನ್ ಮುಂದೊಮ್ಮೆ ಕೇಳಿದಾಗ, ತಾನು ಹೇಳಿದ್ದು ಸಾಕಷ್ಟು ಸ್ಪಷ್ಟವಾಗಿ ಕಾಣುವ ಸಂಗತಿ ಎಂದಷ್ಟೇ ಹೇಳಿದರೆಂದು ಸೇನ್ 2003ರಲ್ಲಿ ಬರೆದಿದ್ದಾರೆ.

ಇನ್ನೊಂದು ನಂಟು ಇದಕ್ಕಿಂತ ಆಳದ್ದು, ಅಪಾಯದ್ದು. ಟ್ಯೂರಿನ್ನಿನಲ್ಲಿ 1919ರ ಹೊತ್ತಿಗೆ ಪರಿಚಯವಾದ ಆಂಟೋನಿಯೊ ಗ್ರಾಮ್ಶಿ ಇಟಲಿಯ ಕಮ್ಯುನಿಸ್ಟ್ ನಾಯಕರಾದರು. 1926ರ ನವೆಂಬರಿನಲ್ಲಿ ಫ್ಯಾಸಿಸ್ಟ್ ಸರ್ಕಾರ ಅವರನ್ನು ಬಂಧಿಸಿತು, 1928ರಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಶಿಕ್ಷೆ ವಿಧಿಸಿತು. ಗ್ರಾಮ್ಶಿಗೆ ಬೇಕಾದ ಪುಸ್ತಕ ಒದಗಿಸಲು ಸ್ರಾಫಾ ಮಿಲಾನಿನ ಪುಸ್ತಕದಂಗಡಿಯೊಂದರಲ್ಲಿ ಲೆಕ್ಕ ತೆರೆದು ಹಣ ತಾವೇ ತೆತ್ತರು. ಗ್ರಾಮ್ಶಿಯ ನಾದಿನಿ ತಾತಿಯಾನಾ ಶುಖ್ಟ್ ಮೂಲಕ ಪತ್ರಗಳು ಓಡಾಡಿದವು: ಕೈದಿ ಆಕೆಗೆ ಬರೆಯುತ್ತಿದ್ದರು, ಆಕೆ ಪ್ರತಿ ಮಾಡಿ ಸ್ರಾಫಾಗೆ ಕಳಿಸುತ್ತಿದ್ದರು, ಅಲ್ಲಿಂದ ಸುದ್ದಿ ದೇಶದಾಚೆ ಇದ್ದ ಪಕ್ಷಕ್ಕೆ ಹೋಗುತ್ತಿತ್ತು. 1937ರ ಏಪ್ರಿಲ್ 27ರಂದು ಗ್ರಾಮ್ಶಿ ತೀರಿಕೊಂಡರು. ಸೆರೆಮನೆಯಲ್ಲಿ ಅವರು ತುಂಬಿಸಿದ ನೋಟ್‌ಬುಕ್ಕುಗಳನ್ನು ಇಂದು ಜಗತ್ತಿನ ಹಲವು ಭಾಷೆಗಳಲ್ಲಿ ಓದುತ್ತಾರೆ. ಆ ಬರವಣಿಗೆಗೆ ಬೇಕಾದ ಪುಸ್ತಕಗಳನ್ನು ಒದಗಿಸಿದ ಕೈ ಸ್ರಾಫಾ ಅವರದು. ಅವರ ಪ್ರಕಟಣೆಗಳ ಪಟ್ಟಿ ಮಾಡುವಾಗ ಇದನ್ನು ಬಿಟ್ಟರೆ ಆ ಮನುಷ್ಯ ಸಮಯವನ್ನು ಯಾವುದಕ್ಕೆ ಕೊಟ್ಟರು ಎಂಬುದೇ ತಿಳಿಯುವುದಿಲ್ಲ.

ಆ ಸಮಯದ ಬಹುಭಾಗ ತಿಂದವರು ಡೇವಿಡ್ ರಿಕಾರ್ಡೊ. 1823ರಲ್ಲಿ ತೀರಿಕೊಂಡ ಈ ಇಂಗ್ಲಿಷ್ ಅರ್ಥಶಾಸ್ತ್ರಜ್ಞನ ಸಮಗ್ರ ಬರಹಗಳನ್ನು ಸಂಪಾದಿಸುವ ಕೆಲಸವನ್ನು ರಾಯಲ್ ಎಕನಾಮಿಕ್ ಸೊಸೈಟಿ 1930ರಲ್ಲಿ ಸ್ರಾಫಾಗೆ ಒಪ್ಪಿಸಿತು. ಮೊದಲ ಸಂಪುಟಗಳು ಹೊರಬಂದದ್ದು 1951ರಲ್ಲಿ. ಇಪ್ಪತ್ತು ವರ್ಷ ತಡವೇಕೆ ಎಂದು ಬೇಸರಪಟ್ಟವರು ಬಹಳ ಮಂದಿ. 1940ರಲ್ಲಿ ಶತ್ರುದೇಶದ ಪ್ರಜೆಯೆಂದು ಬ್ರಿಟಿಷ್ ಸರ್ಕಾರ ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿತು. ಮುಸೊಲಿನಿಯ ವಿರೋಧಿಯನ್ನು ಮುಸೊಲಿನಿಯ ಕಡೆಯವನೆಂದು ಹಿಡಿದ ಈ ಅನ್ಯಾಯದಿಂದ ಅವರನ್ನು ಬಿಡಿಸಲು ಮತ್ತೆ ಕೇನ್ಸರೇ ಓಡಾಡಬೇಕಾಯಿತು. ಆಮೇಲೆ 1943ರಲ್ಲಿ, ಹಲವು ಸಂಪುಟಗಳ ಅಚ್ಚುಮೊಳೆ ಜೋಡಿಸಿ ಆಗಿದ್ದಾಗ, ಡಬ್ಲಿನ್ ಬಳಿಯ ರಹೇನಿ ಎಂಬಲ್ಲಿ ಅರ್ಥಶಾಸ್ತ್ರಜ್ಞ ಕೇರ್ನ್ಸ್ ವಂಶದವರ ಮನೆಯಲ್ಲಿ ಒಂದು ಲೋಹದ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ರಿಕಾರ್ಡೊ ತನ್ನ ಆಪ್ತ ಜೇಮ್ಸ್ ಮಿಲ್ಲನಿಗೆ ಬರೆದ ಪತ್ರಗಳ ಗೊಂಚಲು, ಸಾಯುವ ಮುನ್ನ ಮೌಲ್ಯದ ಮೇಲೆ ಬರೆಯುತ್ತಿದ್ದ ಅಪ್ರಕಟಿತ ಹಸ್ತಪ್ರತಿ. ಜೋಡಿಸಿದ್ದನ್ನೆಲ್ಲ ಮತ್ತೆ ಬಿಚ್ಚಬೇಕಾಯಿತು. ಇದು ಸಂಪಾದಕನ ಅದೃಷ್ಟವೂ ಹೌದು, ಶಿಕ್ಷೆಯೂ ಹೌದು. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಮಾರಿಸ್ ಡಾಬ್ ನೆರವಿಗೆ ಬಂದ ಮೇಲೆ ಕೆಲಸ ದಡ ಹತ್ತಿತು. 1955ರ ಹೊತ್ತಿಗೆ ಹತ್ತು ಸಂಪುಟ, ಹನ್ನೊಂದನೆಯದಾದ ಪದಸೂಚಿ 1973ರಲ್ಲಿ. ಸ್ವೀಡನ್ನಿನ ವಿಜ್ಞಾನ ಅಕಾಡೆಮಿ 1961ರಲ್ಲಿ ಅವರಿಗೆ ಸೋಡರ್‌ಸ್ಟ್ರೋಮ್ ಚಿನ್ನದ ಪದಕ ಕೊಟ್ಟಿತು. ಅರ್ಥಶಾಸ್ತ್ರಕ್ಕೆ ನೊಬೆಲ್ ಇನ್ನೂ ಹುಟ್ಟಿರಲಿಲ್ಲ.

ಮೊದಲ ಸಂಪುಟಕ್ಕೆ ಬರೆದ ಪ್ರಸ್ತಾವನೆ ಸ್ರಾಫಾ ಬರಹಗಳಲ್ಲೇ ಅತ್ಯಂತ ಸೊಗಸಾದದ್ದು ಎಂದು ಧಾರಾಳವಾಗಿ ಹೇಳಬಹುದು. ಅದರಲ್ಲಿ ಅವರು ರಿಕಾರ್ಡೊನ ಎಳೆಯ ಕಾಲದ ವಾದವೊಂದನ್ನು ಮರಳಿ ಕಟ್ಟುತ್ತಾರೆ. ರೈತ ಬಿತ್ತುವುದು ಧಾನ್ಯ, ಆಳುಗಳಿಗೆ ಕೊಡುವುದು ಧಾನ್ಯ, ಕೊನೆಗೆ ಕೊಯ್ಯುವುದೂ ಧಾನ್ಯ. ಹಾಗಾದರೆ ಕೃಷಿಯ ಲಾಭದರವನ್ನು ಬೆಲೆಯ ಸೋಂಕಿಲ್ಲದೆ, ಧಾನ್ಯಕ್ಕೆ ಧಾನ್ಯವನ್ನೇ ಅಳೆದು ಹೇಳಬಹುದು. ಸಮಾಜ ಒಂದು ವರ್ಷದಲ್ಲಿ ಖರ್ಚು ಮಾಡಿದ್ದನ್ನು ತುಂಬಿಸಿಕೊಂಡ ಮೇಲೆ ಎಷ್ಟು ಮಿಗುತ್ತದೆ, ಆ ಹೆಚ್ಚುವರಿ ಯಾರ ಪಾಲಾಗುತ್ತದೆ? ಆಡಂ ಸ್ಮಿತ್, ರಿಕಾರ್ಡೊ, ಮಾರ್ಕ್ಸ್ ಮೂವರಿಗೂ ಇದೇ ಮೊದಲ ಪ್ರಶ್ನೆ. 1870ರ ನಂತರ ಬಂದವರು ಅದನ್ನು ಬದಿಗಿಟ್ಟು ಗಿರಾಕಿಯ ಬಯಕೆಯಿಂದ ಶುರುಮಾಡಿದರು. ಮುಚ್ಚಿಹೋಗಿದ್ದ ಆ ಹಳೆಯ ಬಾವಿಯ ಹೂಳೆತ್ತಿದ್ದು ಸ್ರಾಫಾ. ಯಾರೋ ಬರೆದದ್ದನ್ನು ಸಂಪಾದಿಸುವ ಕೆಲಸವೂ ಸಿದ್ಧಾಂತ ಕಟ್ಟುವ ಕೆಲಸವಾಗಬಲ್ಲದು ಎಂಬುದಕ್ಕೆ ಈ ಸಂಪುಟಗಳಷ್ಟು ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

1960ರಲ್ಲಿ ಕೊನೆಗೂ ಅವರ ಸ್ವಂತ ಪುಸ್ತಕ ಬಂತು. ಹೆಸರು 'ಸರಕುಗಳಿಂದ ಸರಕುಗಳ ಉತ್ಪಾದನೆ'. ಉಪಶೀರ್ಷಿಕೆಯಲ್ಲಿ ಅರ್ಥಶಾಸ್ತ್ರೀಯ ಸಿದ್ಧಾಂತದ ವಿಮರ್ಶೆಗೆ ಇದು ಪೀಠಿಕೆ ಮಾತ್ರ ಎಂದಿದೆ. ಇಂಗ್ಲಿಷಿನಲ್ಲಿ 99 ಪುಟ. ಅದೇ ವರ್ಷ ಇಟಾಲಿಯನ್ನಿನಲ್ಲೂ ಬಂತು. ಮುಖ್ಯ ವಿಚಾರಗಳು 1920ರ ದಶಕದ ಕೊನೆಯಲ್ಲೇ ರೂಪುಗೊಂಡಿದ್ದವು, ಆರಂಭದ ಕರಡನ್ನು ಕೇನ್ಸ್ 1928ರಲ್ಲಿ ಓದಿದ್ದರು ಎಂದು ಮುನ್ನುಡಿ ತಿಳಿಸುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಕಾಯಿಸಿಟ್ಟ ಪುಸ್ತಕ. ಗಣಿತಕ್ಕೆ ನೆರವಾದವರಲ್ಲಿ 1930ರಲ್ಲೇ, 26ನೆಯ ವಯಸ್ಸಿಗೆ ತೀರಿಕೊಂಡ ಫ್ರಾಂಕ್ ರಾಮ್ಸೆಯ ಹೆಸರೂ ಇದೆ.

ಪುಸ್ತಕ ಶುರುವಾಗುವುದು ಎರಡೇ ಸರಕಿನ ಲೋಕದಿಂದ. 280 ಕ್ವಾರ್ಟರ್ (ಧಾನ್ಯದ ಹಳೆಯ ಇಂಗ್ಲಿಷ್ ಅಳತೆ) ಗೋಧಿ ಮತ್ತು 12 ಟನ್ ಕಬ್ಬಿಣ ಬಳಸಿ 400 ಕ್ವಾರ್ಟರ್ ಗೋಧಿ ಬೆಳೆಯುತ್ತಾರೆ. 120 ಕ್ವಾರ್ಟರ್ ಗೋಧಿ ಮತ್ತು 8 ಟನ್ ಕಬ್ಬಿಣ ಬಳಸಿ 20 ಟನ್ ಕಬ್ಬಿಣ ತೆಗೆಯುತ್ತಾರೆ. ದುಡಿಯುವವರ ಊಟವೂ ಆ ಗೋಧಿಯಲ್ಲೇ ಸೇರಿದೆ. ಕೂಡಿ ನೋಡಿದರೆ ಬಳಸಿದ್ದೂ ಬೆಳೆದದ್ದೂ ಸಮ. ಮಿಕ್ಕದ್ದು ಏನೂ ಇಲ್ಲ. ಮುಂದಿನ ವರ್ಷ ಮತ್ತೆ ಕೆಲಸ ನಡೆಯಬೇಕಾದರೆ ಗೋಧಿಯವರ ಕೈಯಲ್ಲಿರುವ 120 ಕ್ವಾರ್ಟರ್ ಗೋಧಿಗೂ ಕಬ್ಬಿಣದವರ ಕೈಯಲ್ಲಿರುವ 12 ಟನ್ ಕಬ್ಬಿಣಕ್ಕೂ ಅದಲುಬದಲು ಆಗಲೇಬೇಕು. ಒಂದು ಟನ್ ಕಬ್ಬಿಣಕ್ಕೆ 10 ಕ್ವಾರ್ಟರ್ ಗೋಧಿ. ಬೆಲೆ ಬಂದೇಬಿಟ್ಟಿತು! ಯಾರಿಗೆ ಏನು ಇಷ್ಟ, ಯಾರಿಗೆ ಎಷ್ಟು ತೃಪ್ತಿ ಎಂದು ಎಲ್ಲೂ ಕೇಳಬೇಕಾಗಲಿಲ್ಲ.

ಮುಂದಿನ ಅಧ್ಯಾಯದಲ್ಲಿ ಅದೇ ಸಾಮಗ್ರಿಯಿಂದ 400ರ ಬದಲು 575 ಕ್ವಾರ್ಟರ್ ಗೋಧಿ ಬರುತ್ತದೆ. ಈಗ 175 ಕ್ವಾರ್ಟರ್ ಹೆಚ್ಚುವರಿ ಇದೆ. ಇದನ್ನು ಎರಡೂ ಕಸುಬುಗಳು ಹೂಡಿದ್ದಕ್ಕೆ ಒಂದೇ ಲಾಭದರ ಸಿಗುವಂತೆ ಹಂಚಬೇಕು. ಆದರೆ ಹೂಡಿದ್ದು ಎಷ್ಟು ಎಂದು ಹೇಳಲು ಬೆಲೆ ಗೊತ್ತಿರಬೇಕು, ಬೆಲೆ ಹೇಳಲು ಲಾಭದರ ಗೊತ್ತಿರಬೇಕು. ಎರಡನ್ನೂ ಒಟ್ಟಿಗೇ ಬಿಡಿಸಬೇಕು. ಲೆಕ್ಕ ಹಾಕಿದರೆ ಲಾಭ ಶೇ 25, ಒಂದು ಟನ್ ಕಬ್ಬಿಣಕ್ಕೆ 15 ಕ್ವಾರ್ಟರ್ ಗೋಧಿ. ತಾಳೆ ನೋಡಬಹುದು: 280ಕ್ಕೆ 12 ಟನ್ನಿನ 180 ಸೇರಿದರೆ 460, ಅದರ ಮೇಲೆ ಕಾಲುಭಾಗ ಲಾಭ ಕೂಡಿದರೆ ಸರಿಯಾಗಿ 575.

ಇಲ್ಲಿಂದ ಸ್ರಾಫಾ ಇಡುವ ಮುಂದಿನ ಹೆಜ್ಜೆಯೇ ಪುಸ್ತಕದ ತಿರುಳು. ಕೂಲಿಕಾರರಿಗೆ ಹೊಟ್ಟೆಪಾಡಿಗಿಂತ ಹೆಚ್ಚು, ಹೆಚ್ಚುವರಿಯಲ್ಲೂ ಒಂದು ಪಾಲು ಸಿಗಬಹುದು ಎಂದು ಒಪ್ಪಿದ ಕೂಡಲೇ ಲೆಕ್ಕದಲ್ಲಿ ಒಂದು ಕೊಂಡಿ ಸಡಿಲವಾಗುತ್ತದೆ. ಉತ್ಪಾದನೆಯ ವಿಧಾನಗಳೆಲ್ಲ ಗೊತ್ತಿದ್ದರೂ ಕೂಲಿ ಎಷ್ಟು, ಲಾಭ ಎಷ್ಟು ಎಂದು ಆ ವಿಧಾನಗಳು ತಾವಾಗಿ ಹೇಳುವುದಿಲ್ಲ. ಒಂದನ್ನು ಹೊರಗಿನಿಂದ ಗೊತ್ತುಮಾಡಿದರೆ ಇನ್ನೊಂದೂ ಬೆಲೆಗಳೂ ಹಿಂದೆಯೇ ಬರುತ್ತವೆ. ಹೊರಗಿನಿಂದ ಎಂದರೆ ಎಲ್ಲಿಂದ? ಹಣದ ಬಡ್ಡಿದರಗಳಿಂದ ಲಾಭದರ ನಿಗದಿಯಾಗಬಹುದು ಎಂದು ಒಂದೆಡೆ ಚುಟುಕಾಗಿ ಸೂಚಿಸಿ ಸ್ರಾಫಾ ಮುಂದೆ ಸಾಗುತ್ತಾರೆ. ಕಾರ್ಮಿಕ ಸಂಘದ ಬಲ, ಕಾನೂನು, ರೂಢಿ, ಕೇಂದ್ರ ಬ್ಯಾಂಕಿನ ನೀತಿ ಎಲ್ಲಕ್ಕೂ ಆ ಜಾಗದಲ್ಲಿ ಎಡೆಯಿದೆ. ಪ್ರತಿಯೊಬ್ಬರಿಗೂ ಅವರವರ ಕೊಡುಗೆಯಷ್ಟೇ ಸಿಗುತ್ತದೆ, ಮಾರುಕಟ್ಟೆ ಅದನ್ನು ತಾನೇ ಅಳೆದು ಕೊಡುತ್ತದೆ ಎಂಬ ಸಮಾಧಾನ ಇಲ್ಲಿ ಕುಸಿಯುತ್ತದೆ. ಹಂಚಿಕೆ ಯಂತ್ರದ ಕೆಲಸವಲ್ಲ, ಸಮಾಜದ ಕೆಲಸ. ಒಂದು ಘೋಷಣೆಯೂ ಇಲ್ಲದೆ ಗೋಧಿ, ಕಬ್ಬಿಣದ ಲೆಕ್ಕದಿಂದಲೇ ಇಷ್ಟು ದೂರ ತಲುಪಿದ್ದು ಅಸಾಮಾನ್ಯ ಸಾಧನೆ.

ಪುಸ್ತಕದಲ್ಲಿ ಇನ್ನೂ ಹಲವು ಹೊಳಹುಗಳಿವೆ. ಎಲ್ಲ ಸರಕುಗಳ ತಯಾರಿಕೆಗೂ ನೇರವಾಗಿಯೋ ಬಳಸಿಯೋ ಬೇಕಾಗುವ ಸರಕುಗಳನ್ನು ಅವರು ಮೂಲ ಸರಕು ಎಂದು ಕರೆದರು. ಪಂದ್ಯದ ಕುದುರೆ, ಉಷ್ಟ್ರಪಕ್ಷಿಯ ಮೊಟ್ಟೆಯಂಥವು ಆ ಗುಂಪಿಗೆ ಸೇರವು. ಅವುಗಳ ತಯಾರಿಕೆ ದುಬಾರಿಯಾದರೂ ದೇಶದ ಲಾಭದರ ಕದಲದು. ರಿಕಾರ್ಡೊ ಸಾಯುವ ತನಕ ಹುಡುಕಿದ, ಮೌಲ್ಯ ಅಳೆಯುವ ಬದಲಾಗದ ಅಳತೆಗೋಲಿಗೆ ಉತ್ತರವಾಗಿ 'ಮಾನಕ ಸರಕು' ಎಂಬುದನ್ನು ಕಟ್ಟಿದರು. ಇದು ಗಣಿತಜ್ಞರಿಗೆ ಪ್ರಿಯವಾದ ಭಾಗ, ಸಾಮಾನ್ಯ ಓದುಗರು ಬೇಗ ದಾಟಿದರೂ ನಷ್ಟವಿಲ್ಲ.

ದಾಟಬಾರದ ಪುಟಗಳು ಬಂಡವಾಳದ ಕುರಿತವು. ನೆಲಮಾಳಿಗೆಯಲ್ಲಿ ಎಂಟು ವರ್ಷ ಹದಗೊಳ್ಳುವ ದ್ರಾಕ್ಷಾಮದ್ಯದಂಥ ಒಂದು ಸರಕು, 25 ವರ್ಷದ ಹಿಂದೆ ನೆಟ್ಟ ಓಕ್ ಮರದ ಪೆಟ್ಟಿಗೆಯಂಥ ಇನ್ನೊಂದು. ಒಂದಕ್ಕೆ ಎಂಟು ವರ್ಷ ಹಿಂದೆ 20 ಪಾಲು ಶ್ರಮ ಹೆಚ್ಚು ಬಿದ್ದಿದೆ. ಇನ್ನೊಂದಕ್ಕೆ ಈ ವರ್ಷ 19 ಪಾಲು, 25 ವರ್ಷ ಹಿಂದೆ 1 ಪಾಲು. ಲಾಭದರ ಸೊನ್ನೆಯಿಂದ ಶೇ 9ಕ್ಕೆ ಏರಿದಾಗ ಮೊದಲನೆಯದು ಎರಡನೆಯದಕ್ಕಿಂತ ತುಟ್ಟಿಯಾಗುತ್ತ ಹೋಗುತ್ತದೆ. ಶೇ 9ರಿಂದ 22ರವರೆಗೆ ಲೆಕ್ಕ ತಿರುಗಿ ಅದು ಅಗ್ಗವಾಗುತ್ತದೆ. ಅಲ್ಲಿಂದ ಶೇ 25ರವರೆಗೆ ಮತ್ತೆ ಮೇಲಕ್ಕೆ. ಹಾಗಾದರೆ ಎರಡರಲ್ಲಿ ಯಾವುದರಲ್ಲಿ 'ಹೆಚ್ಚು ಬಂಡವಾಳ' ಇದೆ? ಲಾಭದರವನ್ನು ಮೊದಲೇ ಹೇಳದೆ ಉತ್ತರಿಸಲಾಗದು. ಬಂಡವಾಳದ ಪ್ರಮಾಣವೇ ಲಾಭದರವನ್ನು ನಿರ್ಧರಿಸುತ್ತದೆ ಎನ್ನುವ ಸಿದ್ಧಾಂತ ಈ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್ಜಿಗೂ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ಜಿಗೂ ನಡುವೆ ಬಂಡವಾಳದ ಕುರಿತು ನಡೆದ ಪ್ರಸಿದ್ಧ ವಾಗ್ವಾದಕ್ಕೆ ಜೋನ್ ರಾಬಿನ್ಸನ್ 1953ರಲ್ಲೇ ಕಿಡಿ ಹೊತ್ತಿಸಿದ್ದರು. ಸ್ರಾಫಾ ಪುಸ್ತಕ ಅದಕ್ಕೆ ಗಟ್ಟಿ ತರ್ಕ ಕೊಟ್ಟಿತು. ಬಡ್ಡಿ ಇಳಿದರೆ ಉದ್ಯಮಿಗಳು ಹೆಚ್ಚು ಬಂಡವಾಳದ ವಿಧಾನಕ್ಕೆ ಹೋಗುತ್ತಾರೆ ಎಂಬುದು ಅಮೆರಿಕದ ವಾದ. ಒಂದು ವಿಧಾನ ಕಡಿಮೆ ಲಾಭದರದಲ್ಲಿ ಲಾಭಕರವಾಗಿ, ನಡುವೆ ಸೋತು, ಹೆಚ್ಚಿನ ದರದಲ್ಲಿ ಮತ್ತೆ ಗೆಲ್ಲಬಹುದು ಎಂದು ಇಟಲಿಯ ಲುಯಿಜಿ ಪಸಿನೆಟ್ಟಿ ಮುಂತಾದವರು ತೋರಿಸಿದರು. 1966ರಲ್ಲಿ ಅಮೆರಿಕದ ಕಡೆಯ ಪಾಲ್ ಸ್ಯಾಮ್ಯುಯೆಲ್ಸನ್ ತಮ್ಮ ವಾದದ ದೋಷವನ್ನು ಬಹಿರಂಗವಾಗಿ ಒಪ್ಪಿಕೊಂಡರು. ಒಪ್ಪಿದ್ದು ಜರ್ನಲ್ಲಿನಲ್ಲಿ, ಪಠ್ಯಪುಸ್ತಕಗಳು ಹಳೆಯ ಪಾಠವನ್ನೇ ಮುಂದುವರಿಸಿದವು. ಅರ್ಥಶಾಸ್ತ್ರ ತನ್ನನ್ನು ವಿಜ್ಞಾನ ಎಂದು ಕರೆದುಕೊಳ್ಳುವುದಾದರೆ ಈ ಮೌನಕ್ಕೆ ಅದು ಉತ್ತರ ಕೊಡಬೇಕು. ಅಂಥ ಬಂಡವಾಳದ ಒಟ್ಟು ಮೊತ್ತವನ್ನು ಇಟ್ಟುಕೊಂಡು ದೇಶಗಳ ಬೆಳವಣಿಗೆ ಲೆಕ್ಕ ಹಾಕುವುದು ಇಂದಿಗೂ ನಡೆದೇ ಇದೆ.

ಪುಸ್ತಕವನ್ನು ಮೊದಲ ಓದಿಗೇ ಅರ್ಥ ಮಾಡಿಕೊಂಡವರು ಕಡಿಮೆ. ಕೇನ್ಸರ ಜೀವನಚರಿತ್ರೆ ಬರೆದ ರಾಯ್ ಹ್ಯಾರಡ್ ಅಂಥವರೇ ಎಡವಿ, ಸ್ರಾಫಾ ಒಂದು ಪುಟ್ಟ ಪ್ರತಿಕ್ರಿಯೆ ಬರೆಯಬೇಕಾಯಿತು. ಅದರ ಆಳವನ್ನು ಬೇಗ ಕಂಡವರಲ್ಲೊಬ್ಬರು ನಮ್ಮ ಕಾರವಾರದಲ್ಲಿ 1935ರಲ್ಲಿ ಹುಟ್ಟಿದ ಕೃಷ್ಣಾ ಭಾರದ್ವಾಜ್. ಚಂದಾವರ್ಕರ್ ಮನೆತನದ ಹುಡುಗಿ. ಮುಂಬಯಿಯಲ್ಲಿ ಓದಿ, ಸಾರಿಗೆ ಯೋಜನೆಯ ಮೇಲೆ ಸಂಶೋಧನೆ ಮಾಡಿದ್ದವರು. 'ಎಕನಾಮಿಕ್ ವೀಕ್ಲಿ'ಯ ಸಂಪಾದಕ ಸಚಿನ್ ಚೌಧುರಿ ಈ ಪುಸ್ತಕವನ್ನು ವಿಮರ್ಶೆಗೆಂದು ಅವರ ಕೈಗಿತ್ತರು. ತಿಂಗಳುಗಟ್ಟಲೆ ಅದರೊಡನೆ ಗುದ್ದಾಡಿ ಬರೆದ ವಿಮರ್ಶೆ 1963ರ ಆಗಸ್ಟಿನಲ್ಲಿ ಪ್ರಕಟವಾಯಿತು. ಹಂಚಿಕೆ ಹೊರಗಿನಿಂದ ಬರುತ್ತದೆ, ಮೌಲ್ಯ ಅದರ ಮೂಲಕ ನಿಲ್ಲುತ್ತದೆ ಎಂಬ ತಿರುಳನ್ನು ಶೀರ್ಷಿಕೆಯಲ್ಲೇ ಹಿಡಿದಿದ್ದರು. ಮುಂಬಯಿಯ ವಾರಪತ್ರಿಕೆಯ ಆ ಬರಹ ಕೇಂಬ್ರಿಜ್ಜನ್ನು ತಲುಪಿತು, ಸ್ರಾಫಾ ಮೆಚ್ಚಿದರು, ಭಾರದ್ವಾಜ್ ಅಲ್ಲಿಗೆ ಹೋಗಿ ಕೆಲಸ ಮಾಡುವಂತಾಯಿತು. ಆ ಸ್ನೇಹ ಸ್ರಾಫಾ ಅವರ ಕೊನೆಯವರೆಗೂ ಉಳಿಯಿತು.

ಭಾರದ್ವಾಜ್ ಸ್ರಾಫಾ ವಿಚಾರವನ್ನು ಪೂಜೆಗೆ ಇಡಲಿಲ್ಲ, ಭಾರತದ ಹೊಲಕ್ಕೆ ತಂದರು. 1950ರ ದಶಕದ ಕೃಷಿ ನಿರ್ವಹಣಾ ಸಮೀಕ್ಷೆಗಳನ್ನು ಆಧರಿಸಿ 1974ರಲ್ಲಿ ಬಂದ ಅವರ ಪುಸ್ತಕ, ಒಬ್ಬ ರೈತ ಮಾರುಕಟ್ಟೆಯಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಅವನ ಆಸ್ತಿಪಾಸ್ತಿಯ ಮೇಲೆ, ಸಾಲದ ಮೇಲೆ ನಿಂತಿದೆ ಎಂದು ತೋರಿಸಿತು. ದೊಡ್ಡ ಹಿಡುವಳಿದಾರ ತನಗೆ ಮಿಕ್ಕದ್ದನ್ನು, ಬೆಲೆ ನೋಡಿಕೊಂಡು ಮಾರುತ್ತಾನೆ. ಸಣ್ಣ ರೈತ ತನಗೇ ಸಾಲದಿದ್ದರೂ ಕೊಯ್ಲಿನ ಹೊತ್ತಿಗೇ ಮಾರುತ್ತಾನೆ, ಏಕೆಂದರೆ ಬಾಕಿ ತೀರಿಸಬೇಕು. ಆಮೇಲೆ ಉಣ್ಣಲು ಅದೇ ಕಾಳನ್ನು ಹೆಚ್ಚಿನ ಬೆಲೆಗೆ ಕೊಳ್ಳುತ್ತಾನೆ. ಸಾಲ ಕೊಟ್ಟವನೇ ಭೂಮಿ ಗೇಣಿಗೆ ಕೊಟ್ಟವನೂ ಆಗಿ, ಫಸಲು ಕೊಳ್ಳುವವನೂ ಆದಾಗ ಆ ಮೂರು ವ್ಯವಹಾರಗಳನ್ನು ಬೇರೆಬೇರೆ ಮಾರುಕಟ್ಟೆ ಎಂದು ನೋಡುವುದರಲ್ಲಿ ಅರ್ಥವಿಲ್ಲ. ನಮ್ಮ ಹಳ್ಳಿಗಳಲ್ಲಿ ದಲ್ಲಾಳಿ, ಮಂಡಿ, ಮುಂಗಡ ಎಂಬ ಮಾತುಗಳನ್ನು ಕೇಳಿ ಬೆಳೆದವರಿಗೆ ಇದು ಬೇಗ ಮನದಟ್ಟಾಗುತ್ತದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಶುರುವಾದ ಆರ್ಥಿಕ ಅಧ್ಯಯನ ಮತ್ತು ಯೋಜನಾ ಕೇಂದ್ರವನ್ನು ಕಟ್ಟಿದವರಲ್ಲಿ ಅವರು ಮುಖ್ಯರು. 1992ರ ಮಾರ್ಚಿನಲ್ಲಿ ತೀರಿಕೊಂಡರು. ಕಾರವಾರದವರಿಗೆ ಈ ಹೆಸರು ಇನ್ನೂ ಹೆಚ್ಚು ಪರಿಚಯವಾಗಬೇಕು.

ಸ್ರಾಫಾ ತೀರಿಕೊಂಡದ್ದು 1983ರ ಸೆಪ್ಟೆಂಬರ್ 3ರಂದು. ಟ್ರಿನಿಟಿ ಕಾಲೇಜಿನ ರೆನ್ ಗ್ರಂಥಾಲಯಕ್ಕೆ ಅವರು ಬಿಟ್ಟುಹೋದ ಟಿಪ್ಪಣಿ, ಪತ್ರ, ಕರಡುಗಳ ರಾಶಿಯನ್ನು ಹತ್ತು ವರ್ಷದ ನಂತರ ವಿದ್ವಾಂಸರಿಗೆ ತೆರೆಯಲಾಯಿತು. ಅಚ್ಚಾದ ಒಂದೊಂದು ಪುಟದ ಹಿಂದೆ ಎಷ್ಟು ಕೈಬರಹದ ಹಾಳೆಗಳಿದ್ದವು ಎಂಬುದು ಆಗ ಬಯಲಾಯಿತು. ಬರೆಯಲಾರದೆ ಕುಳಿತ ಮನುಷ್ಯ ಎಂಬ ಹಳೆಯ ಮಾತು ಸುಳ್ಳಾಯಿತು. ಬರೆಯುತ್ತಲೇ ಇದ್ದರು, ಖಚಿತವಾಗದ್ದನ್ನು ಹೊರಗೆ ಬಿಡಲಿಲ್ಲ, ಅಷ್ಟೆ.

ಇವರನ್ನು ಓದಬೇಕೆನ್ನುವವರು 1960ರ ಪುಸ್ತಕದಿಂದಲೇ ಶುರುಮಾಡಿ ಸೋತು ಕೈಬಿಡುವುದು ಸಾಮಾನ್ಯ. ಮೊದಲು 1926ರ ಪ್ರಬಂಧ ಓದಬೇಕು. ಅದರಲ್ಲಿ ಸಮೀಕರಣಗಳ ಕಾಟವಿಲ್ಲ. ಬಳಿಕ ರಿಕಾರ್ಡೊ ಮೊದಲ ಸಂಪುಟದ ಪ್ರಸ್ತಾವನೆ. ಆ ಹನ್ನೊಂದು ಸಂಪುಟಗಳು ಅಗ್ಗದ ಮರುಮುದ್ರಣದಲ್ಲೂ ಬಂದಿವೆ. ಆಮೇಲೆ ಪೆನ್ಸಿಲ್ ಹಿಡಿದು 'ಸರಕುಗಳಿಂದ ಸರಕುಗಳ ಉತ್ಪಾದನೆ'ಯ ಮೊದಲೆರಡು ಅಧ್ಯಾಯ, ಅವು ಕೆಲವೇ ಪುಟ. ಮೂರನೆಯ ಅಧ್ಯಾಯದಿಂದ ಹಾದಿ ಕಡಿದಾಗುತ್ತದೆ. ಅಲ್ಲಿಗೆ ಕಾಲಿಡುವ ಮುನ್ನ 1963ರ ಆಗಸ್ಟಿನ 'ಎಕನಾಮಿಕ್ ವೀಕ್ಲಿ' ತೆಗೆದು ಭಾರದ್ವಾಜರ ವಿಮರ್ಶೆ ಓದಿಕೊಂಡರೆ, ಮುಂದಿನ ಲೆಕ್ಕಗಳು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ ಎಂಬುದು ಸ್ಪಷ್ಟವಾಗುತ್ತದೆ.